ಚರಂಡಿಗೆ ಹೋದ ಮಾತ್ರೆಗಳು

"ಡಬ್ಬಿ ಸುರಿ ಇಲ್ಲಿ. ಎಷ್ಟು ಉಳಿಸ್ಕೊಂಡು ಬಂದಿದೀಯ ನೋಡೋಣ. ಮಲಗೋಕೆ ಪುರುಸೊತ್ತಿರುತ್ತೆ, ಮಾತ್ರೆ ನುಂಗೋಕಿರಲ್ಲ ಸೂಳೇರಿಗೆ."

ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕೌಂಟರಿನವನು ಇದನ್ನು ಇಡೀ ಸಾಲಿಗೆ ಕೇಳುವಂತೆ ಹೇಳುತ್ತಾನೆ. ಎಚ್‌ಐವಿಯ ಮಾತ್ರೆ ದಿನಕ್ಕೊಂದು, ಡಬ್ಬಿಗೆ ಮೂವತ್ತು. ತಿಂಗಳ ಕೊನೆಗೆ ಉಳಿದದ್ದನ್ನು ತಂದು ಎಣಿಸಬೇಕು. ಹೆಚ್ಚು ಉಳಿದಿದ್ದರೆ ಈ ಪೂಜೆ.

ಇದರಿಂದ ಪಾರಾಗುವ ಉಪಾಯ ಕಂಡುಹಿಡಿದವಳು ನಾನು. ಹಿಂದಿನ ದಿನವೇ ಉಳಿದವನ್ನು ಚರಂಡಿಗೆ ಚೆಲ್ಲಿಬಿಡುವುದು, ಅಷ್ಟೆ. ನಾನೂ ಸಾಲಿನಲ್ಲಿ ನಿಂತವರ ಹಾಗೆ ಮೈ ಮಾರುವ ಕಸುಬಿನವಳು, ಇದೇ ಮಾತ್ರೆಯವಳು. ಉಳಿದ ಹೆಂಗಸರನ್ನು ಕರೆತರಲಿ ಎಂದು ಆಸ್ಪತ್ರೆಯವರು ನನ್ನ ಕೊರಳಿಗೊಂದು ಬ್ಯಾಡ್ಜು ಹಾಕಿದ್ದರು. ಕರೆತಂದೆ. ಜೊತೆಗೆ ಈ ಜಾಣತನವನ್ನೂ ಕಲಿಸಿದೆ.

ಅವರಲ್ಲೆಲ್ಲ ಚಿಕ್ಕವಳು ಗುಬ್ಬಿ, ಚೆನ್ನಾಗಿ ಕಲಿತಳು. ಆರು ತಿಂಗಳಲ್ಲಿ ಪೊಲೀಸರು ಅವಳನ್ನು ಮೂರು ಸಲ ಎತ್ತಿಕೊಂಡು ಹೋಗಿ, ಪ್ರತಿ ಸಲವೂ ವಾರಕ್ಕೂ ಮೇಲೆ ಇಟ್ಟುಕೊಂಡಿದ್ದರು. ಉಟ್ಟ ಬಟ್ಟೆಯಲ್ಲೇ ಹೋಗಿದ್ದಳು, ಡಬ್ಬಿ ಕೋಣೆಯಲ್ಲೇ ಉಳಿದಿತ್ತು. ಆದರೂ ಅವಳ ಎಣಿಕೆ ಒಮ್ಮೆಯೂ ತಪ್ಪಲಿಲ್ಲ. "ಇವಳನ್ನ ನೋಡಿ ಕಲೀರಿ," ಎಂದಿದ್ದ ಕೌಂಟರಿನವನು. ನಾನೂ ಬೆನ್ನು ತಟ್ಟಿದ್ದೆ.

ಇಂದು ಅವಳ ರಕ್ತದ ವರದಿ ಬಂದಿತ್ತು. ಡಾಕ್ಟರು ಕೂರುವುದು ಕೌಂಟರ್ ಇರುವ ಹಾಲ್‌ನಲ್ಲೇ, ಒಂದು ಪರದೆಯ ಆಚೆ. ಗುಬ್ಬಿಯ ಜೊತೆ ನಾನೂ ಒಳಗೆ ಹೋದೆ.

"ವೈರಸ್ ತುಂಬ ಏರಿದೆ," ಎಂದರು ಡಾಕ್ಟರು. "ದಿನಾ ನುಂಗಿದ್ರೂ ಹೀಗಾಗಿದೆ ಅಂದ್ರೆ ಈ ಔಷಧಿ ನಿನಗೆ ನಾಟ್ತಿಲ್ಲ. ಬದಲಾಯಿಸ್ಬೇಕು. ಅದೂ ನಾಟದಿದ್ರೆ ನನ್ನ ಹತ್ರ ಜಾಸ್ತಿ ಏನೂ ಇಲ್ಲಮ್ಮ."

ಗುಬ್ಬಿ ನನ್ನ ಸೆರಗು ಜಗ್ಗಿದಳು. "ಹೇಳ್ಬೇಡಕ್ಕ. ಬೈತಾರೆ."

ಸಾಯುವ ಮಾತಾಡುತ್ತಿದ್ದಾರೆ, ಹುಡುಗಿಗೆ ಬೈಗುಳದ ಭಯ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಅವ್ಳು ನುಂಗಿಲ್ಲ ಡಾಕ್ಟ್ರೇ. ಠಾಣೇಲಿ ಕೂಡಾಕಿದ್ರು. ಮೂರು ಸಲದ್ದೂ ಸೇರಿ ಇಪ್ಪತ್ತಾರು ಮಾತ್ರೆ ಚರಂಡೀಗ್ ಹೋಯ್ತು. ಚೆಲ್ಲು ಅಂದಿದ್ದು ನಾನು."

ಪರದೆ ಸರಿಸಿ ಕೌಂಟರಿನವನು ನುಗ್ಗಿದ. "ಇದಕ್ಕೇನೇ ಮುಂಡೆ ನಿಂಗೆ ಬ್ಯಾಡ್ಜ್ ಕೊಟ್ಟಿದ್ದು? ಬಿಚ್ಚು."

ಬಿಚ್ಚಿ ಮೇಜಿನ ಮೇಲಿಟ್ಟೆ. "ತಗೋ. ನಿನ್ನ ಬಾಯಿಗೆ ಹೆದರ್ಕೊಂಡೇ ಚೆಲ್ಲಿದ್ದು ನಾವು. ಡಾಕ್ಟ್ರೇ, ಔಷಧಿ ಬದಲಾಯಿಸೋ ಮೊದ್ಲು ಇದನ್ನ ಬರೀರಿ. ಕಾರಣ ಪೊಲೀಸ್ನೋರು ಅಂತ್ಲೂ ಬರೀರಿ, ಇವ್ನು ಅಂತ್ಲೂ ಬರೀರಿ."

"ಅದಕ್ಕೆಲ್ಲ ಈ ಫಾರಂನಲ್ಲಿ ಜಾಗ ಇಲ್ಲಮ್ಮ."

"ಅಂಚಲ್ಲಿ ಬರೀರಿ."

ಡಾಕ್ಟರು ಪೆನ್ನು ಹಿಡಿದು ಕುಳಿತರು. ಅಷ್ಟರಲ್ಲಿ ಪರದೆಯಾಚೆಯಿಂದ ಒಂದು ದನಿ ಬಂತು. "ನಂದೂ ಏಳು ಹೋಗಿದೆ ಡಾಕ್ಟ್ರೇ."

"ನಂದು ಹದಿನಾಲ್ಕು."

"ನಾನು ಎಣಿಸ್ಲೇ ಇಲ್ಲ, ಸುರಿದ್ಬಿಟ್ಟೆ."

ಒಂದೊಂದು ದನಿಯ ಗುರುತೂ ನನಗಿತ್ತು.

"ಎಷ್ಟು ಜನಕ್ಕೆ ಕಲಿಸಿದೀಯಮ್ಮ ಇದನ್ನ?" ಡಾಕ್ಟರು ಕೇಳಿದರು.

ತಲೆ ಎತ್ತಲಾಗಲಿಲ್ಲ. "ಹೊರಗೆ ನಿಂತಿದಾರಲ್ಲ," ಎಂದೆ, "ಅಷ್ಟೂ ಜನಕ್ಕೆ."