ಕಲ್ಲಕ್ಕನಿಗೊಂದು ಜಾಗ

ಹಾರೆ ಠಣ್ಣೆಂದಿತು. ಗುಂಡಿ ತೋಡುವವನು ಸೊಂಟದಾಳದಲ್ಲೇ ನಿಂತು ಮುಖ ಒರೆಸಿಕೊಂಡ. ಕೆಳಗೆಲ್ಲ ಬಂಡೆ, ಸ್ಮಶಾನದ ಗೋಡೆಯ ಬದಿಗೆ ಮಣ್ಣು ಬೆಣ್ಣೆಯಂತಿದೆ, ಅಲ್ಲಿ ತೋಡಿದರೆ ಬೇಗ ಮುಗಿಯುತ್ತದೆ ಎಂದ.

ಎಲ್ಲರೂ ಸತ್ತವಳ ಗಂಡನ ಮುಖ ನೋಡಿದರು. ಆತ ತನ್ನ ಚಪ್ಪಲಿ ನೋಡಿಕೊಂಡ.

"ಅಲ್ಲೇ ಆಗ್ಲಿ ಭಾವ," ಎಂದಳು ಅವಳ ತಂಗಿ. "ಈಗಲಾದ್ರೂ ಅಕ್ಕ ಕಲ್ಲಿನ ಸಹವಾಸ ಬಿಟ್ಟು ಮೆತ್ತಗೆ ಮಲಗ್ಲಿ."

*

ಅವಳು ದರ್ಜಿ, ಕಲ್ಲು ಕೂಡಿಡುವ ಹುಚ್ಚಿನಿಂದ ಊರಿಗೆಲ್ಲ ಕಲ್ಲಕ್ಕ. ಕಲ್ಲು ಸಿಗುವ ಜಾಗ ಹುಡುಕಲು ತಾನೆಂದೂ ಅಗೆದವಳಲ್ಲ, ಅಗೆಯುವವರ ಬೆನ್ನು ಹಿಡಿದವಳು. ಬಾವಿ, ಮನೆಯ ಪಾಯ, ರಸ್ತೆಗೆಂದು ಕಡಿದ ಗುಡ್ಡ: ಎಲ್ಲಿ ಹೊಸ ಮಣ್ಣು ಬಿತ್ತೋ ಭಾನುವಾರ ಅಲ್ಲಿ ಹಾಜರು. ಬಟ್ಟೆ ಹೊಲಿಸಲು ಬಂದವರು ಮೊದಲು ತಮ್ಮ ಬೀದಿಯ ಗುಂಡಿಗಳ ವರದಿ ಒಪ್ಪಿಸಬೇಕು, ಆಮೇಲೆ ತೋಳಿನ ಅಳತೆ. ಜಮೀನಿನವರನ್ನು ಕೇಳದೆ ಒಂದು ಹರಳನ್ನೂ ಎತ್ತಳು. ಎತ್ತಿದ್ದನ್ನು ನೆಕ್ಕುವಳು, ಒಣ ಕಲ್ಲು ತನ್ನ ಬಣ್ಣ ಬಿಟ್ಟುಕೊಡುವುದಿಲ್ಲವಂತೆ. ಗಂಡ ದೂರದಲ್ಲಿ ಸ್ಕೂಟರಿನ ಮೇಲೆ ಕೂತು, ಈ ಹೆಂಗಸು ಯಾರೋ ಏನೋ ಎಂಬಂತೆ ಪೇಪರು ಓದುವನು.

ಒಮ್ಮೆ ಅಳತೆಯ ಟೇಪನ್ನು ಕೊರಳಲ್ಲೇ ಮರೆತು ಒಂದು ಗುಡ್ಡಕ್ಕೆ ಹೋಗಿದ್ದಳು. ರಸ್ತೆ ಅಳೆಯಲು ಸರ್ಕಾರದವರು ಬಂದರೆಂದುಕೊಂಡ ಜಮೀನಿನವನು ಕುರ್ಚಿ ಹಾಕಿ, ಕಾಫಿ ಕೊಟ್ಟು, ರಸ್ತೆಯನ್ನು ಪಕ್ಕದವನ ಹೊಲದತ್ತ ತಿರುಗಿಸಲು ಕೈಮುಗಿದ. ಕಲ್ಲಕ್ಕ ನೆಮ್ಮದಿಯಾಗಿ ಕಾಫಿ ಮುಗಿಸಿ ನಿಜ ಹೇಳಿದಳು. ಅವನು ಪೆಚ್ಚಾಗಿ ನಕ್ಕು, ಗುಡ್ಡದ ಹಿಂಬದಿಯನ್ನೂ ತೋರಿಸಿಕೊಟ್ಟ. ಅಲ್ಲಿ ಸಿಕ್ಕ ಕಾಗೆಬಂಗಾರವನ್ನು ಅವಳು ಗಂಡನ ಅಂಗೈಯಲ್ಲಿ ಪದರಪದರವಾಗಿ ಬಿಡಿಸಿಟ್ಟಳು.

"ಬಂಗಾರ ತಂದಿದೀನಿ ನೋಡ್ರಿ."

"ಇದಕ್ಕೂ ಬೀಗ ಹಾಕ್ಬೇಕಾ?" ಎಂದಿದ್ದ ಆತ. ಹಾಕಲಿಲ್ಲ. ಆದರೆ ಅದು ಇಂದಿಗೂ ಆತನ ಅಂಗಿಗಳ ಕಪಾಟಿನಲ್ಲೇ ಇದೆ.

*

"ಏನ್ ಮಾಡ್ಲಿ ಯಜಮಾನ್ರೇ?" ತೋಡುವವನು ಗುಂಡಿಯೊಳಗಿಂದ ಕೇಳಿದ. "ಇಲ್ಲೇ ಅಂದ್ರೆ ಉಳಿ ತರಿಸ್ಬೇಕು. ಸಂಜೆ ಆಗುತ್ತೆ."

"ಆಗ್ಲಿ. ಕಾದು ಅಭ್ಯಾಸ ಇದೆ."

"ಹಟ ಯಾಕೆ ಭಾವ?"

"ಹಟ ಅಲ್ಲಮ್ಮ. ಮೆತ್ತನೆ ಮಣ್ಣಲ್ಲಿ ಅವಳಿಗೇನು ಸಿಗುತ್ತೆ? ಎರೆಹುಳ."

ತಂಗಿಗೆ ನಗು ಬಂತು, ಅದರ ಹಿಂದೆಯೇ ಅಳುವೂ.

ಉಳಿ ಬಂತು. ಜನ ನೆರಳಿಗೆ ಸರಿದರು. ಆತ ಮಾತ್ರ ಈ ಸಲ ದೂರ ಕೂರದೆ ಗುಂಡಿಯ ಅಂಚಿಗೇ ಬಂದು ಕುಕ್ಕರಗಾಲಲ್ಲಿ ಕೂತ. ಬಂಡೆಯ ಚೂರೊಂದು ಸಿಡಿದು ಆತನ ಕಾಲ ಬಳಿ ಬಿತ್ತು. ಬರೀ ಬೂದು. ಎತ್ತಿಕೊಂಡು ಅಂಗಿಯ ಚುಂಗಿನಿಂದ ಒರೆಸಿದ. ತಿರುಗಿ ನೋಡಿದ, ಎಲ್ಲರೂ ತನ್ನನ್ನೇ ನೋಡುತ್ತಿದ್ದರು.

ಆತ ಅದನ್ನು ನೆಕ್ಕಿ, ಬಿಸಿಲಿಗೆ ಹಿಡಿದ.