ತಗಡಿನ ಆಚೆ

"ಪ್ಲೇಟು ಎರಡು ಮಿಲಿಮೀಟರ್ ಕಮ್ಮಿ ಬಿದ್ದಿದೆ. ಹೋಗಿ ಹೇಳಿ ಆ ಮನುಷ್ಯನಿಗೆ," ಎಂದ ಮರಿಯಪ್ಪ.

ಚೈನಿಗೆ ನೇತುಬಿದ್ದ ಇಂಜಿನ್ ಜೀಪಿನ ತೆರೆದ ಬಾಯಿಯ ಮೇಲೆ ನಿಧಾನವಾಗಿ ತೂಗುತ್ತಿತ್ತು. ಜೀಪಿನ ಯಜಮಾನ ಮಧ್ವೇಶ್ ತಗಡಿನ ಗೋಡೆಯ ಕಡೆ ನೋಡಿದ. ಅವನು ಹೋಗಿ ಹೇಳುವ ಅಗತ್ಯವೇ ಬೀಳಲಿಲ್ಲ. ಆಚೆ ಲೇತ್ ಯಂತ್ರದ ಸದ್ದು ನಿಂತು, ಅಲ್ಲಿಂದಲೇ ಭೈರೇಶನ ಉತ್ತರ ಬಂತು.

"ಅಳತೆ ಕೊಟ್ಟೋರು ಕಣ್ಣು ಬಿಟ್ಕೊಂಡು ಕೊಡ್ಬೇಕಿತ್ತು ಅಂತ ಹೇಳಿ ಸಾರ್."

"ನನ್ ಅಳತೆ ಸರಿಯಾಗೇ ಇತ್ತು. ಕೊರೆಯೋನ ಕೈ ನಡುಗಿದ್ರೆ ನಾನೇನ್ಮಾಡ್ಲಿ, ಕೇಳಿ."

"ಕೈ ಗಟ್ಟಿಯಾಗೇ ಇದೆ ಸಾರ್. ಹೋಗಿರೋದು ಕಾಲು."

ಮರಿಯಪ್ಪ ಪ್ಲೇಟನ್ನು ಮಧ್ವೇಶ್‌ನ ಕೈಗಿಟ್ಟ.

ಮಧ್ವೇಶ್ ಬಸವೇಶ್ವರನಗರದ ಹಲ್ಲಿನ ಡಾಕ್ಟರು. ಭಾನುವಾರ ಬಂತೆಂದರೆ ಜೀಪು ತೆಗೆದುಕೊಂಡು ಬಂಡೆ ಹತ್ತಿಸುವ ಹುಚ್ಚು. ಹಿಂದಿನಿಂದ ಲಾರಿ ಗುದ್ದಿ ಜಜ್ಜಿಹೋಗಿದ್ದ ಸ್ಪೋರ್ಟ್ಸ್ ಕಾರೊಂದರ ಆರು ಸಿಲಿಂಡರಿನ ಇಂಜಿನನ್ನು ಕೊಂಡು ತಂದಿದ್ದ. ಅದನ್ನು ಹಳೆಯ ಡೀಸೆಲ್ ಜೀಪಿನೊಳಗೆ ಕೂರಿಸುವುದಕ್ಕೆ ಯಾರು ಸರಿ ಎಂದು ಕೇಳಿದರೆ ಎಲ್ಲರೂ ಕಾಮಾಕ್ಷಿಪಾಳ್ಯದ ಕಡೆ ಕೈ ತೋರಿಸಿದ್ದರು. ಇಂಜಿನ್ನು, ವೈರಿಂಗಿಗೆ ಮರಿಯಪ್ಪ. ಅದನ್ನು ಗೇರ್‌ಬಾಕ್ಸಿಗೆ ಜೋಡಿಸುವ ಪ್ಲೇಟು, ವೆಲ್ಡಿಂಗು, ಬ್ರೇಕಿಗೆ ಭೈರೇಶ್. ಒಂದೇ ಶೆಡ್ಡನ್ನು ತಗಡು ಹೊಡೆದು ಎರಡು ಮಾಡಿದ್ದಾರೆ, ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟಿದ್ದಾರೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಭೈರೇಶ್ ಮರಿಯಪ್ಪನ ತಂಗಿ ಲತಾಳ ಗಂಡ. ಒಂದು ಕಾಲಕ್ಕೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಆರು ವರ್ಷದ ಹಿಂದೆ ಒಂದು ಹಳೆಯ ವ್ಯಾನಿನ ಬ್ರೇಕ್ ಕೆಲಸ ಮುಗಿಸಿ, ಓಡಿಸಿ ನೋಡಲು ಭೈರೇಶ್ ಹೊರಟಿದ್ದ. ಸುಮನಹಳ್ಳಿಯ ಇಳಿಜಾರಿನಲ್ಲಿ ಪೆಡಲ್ಲು ನೆಲ ಮುಟ್ಟಿತು. ವ್ಯಾನು ರಸ್ತೆ ನಡುವಿನ ಕಟ್ಟೆಗೆ ನುಗ್ಗಿ ಅವನ ಬಲಗಾಲು ಮೂರು ಕಡೆ ಮುರಿಯಿತು. ಆಸ್ಪತ್ರೆಯ ಹೊರಗೆ ಲತಾ ಏನಾಯಿತೆಂದು ಕೇಳಿದಾಗ, "ನಿನ್ ಗಂಡ ಬ್ರೇಕ್ ಸರಿಯಾಗಿ ನೋಡ್ದೇನೇ ಓಡಿಸ್ಕೊಂಡು ಹೋದ, ಅವಸರ ಅವನಿಗೆ," ಎಂದುಬಿಟ್ಟಿದ್ದ ಮರಿಯಪ್ಪ.

ನಿಜ ಬೇರೆ ಇತ್ತು. ಹಿಂದಿನ ಗಾಲಿಯ ಬ್ರೇಕ್ ಪೈಪಿನ ನಟ್ಟನ್ನು ಕೂರಿಸಿದವನು ಮರಿಯಪ್ಪನೇ. ಬೆರಳಲ್ಲಿ ತಿರುಗಿಸಿ, ಸ್ಪ್ಯಾನರ್ ತೆಗೆದುಕೊಳ್ಳುವಷ್ಟರಲ್ಲಿ ಫೋನು ಬಂದು ಎದ್ದುಹೋಗಿದ್ದ. ವಾಪಸು ಬರುವ ಹೊತ್ತಿಗೆ ವ್ಯಾನು ಗೇಟು ದಾಟಿತ್ತು. ಆಡಿದ ಸುಳ್ಳನ್ನು ಉಳಿಸಿಕೊಳ್ಳಲು ದಿನಾ ಜಗಳ ಬೇಕಾಯಿತು. ಊರುಗೋಲು ಹಿಡಿದು ಭೈರೇಶ್ ಶೆಡ್ಡಿಗೆ ಮರಳಿದ ತಿಂಗಳಿಗೇ, ನಿನ್ನ ಜೊತೆ ನನ್ನಿಂದಾಗದು ಎಂದು ಮಧ್ಯೆ ತಗಡು ಎಬ್ಬಿಸಿದವನೂ ಮರಿಯಪ್ಪನೇ.

ಪ್ಲೇಟು ಮತ್ತೆ ಕೊರೆದು ಬಂತು. ಈ ಸಲ ಕೂದಲೆಳೆ ತೂರದಂತೆ ಕೂತಿತು. ಮರಿಯಪ್ಪ ಚೆನ್ನಾಗಿದೆ ಎನ್ನಲಿಲ್ಲ. ಮೂರು ವಾರ ಹೀಗೇ ನಡೆಯಿತು. ಬೆಳಿಗ್ಗೆ ಒಬ್ಬ ಜೀಪಿನ ಕೆಳಗೆ ತೂರಿದರೆ ಮಧ್ಯಾಹ್ನ ಇನ್ನೊಬ್ಬ. ಹಳೆಯ ಬ್ರೇಕೇ ಸಾಕೆಂದು ಮಧ್ವೇಶ್ ರಾಗ ಎಳೆದಾಗ ಭೈರೇಶ್, ಮರಿಯಪ್ಪನಿಗೆ ಕೇಳುವ ಹಾಗೆ ಹೇಳಿದ: "ಅರವತ್ತು ಕುದುರೆ ಶಕ್ತಿ ಇದ್ದ ಕಡೆ ಮುನ್ನೂರು ಕುದುರೆ ಕಟ್ತಾ ಇದೀರ ಸಾರ್. ನಾಲ್ಕೂ ಗಾಲಿಗೆ ಡಿಸ್ಕ್ ಬ್ರೇಕ್ ಹಾಕ್ತೀನಿ. ಬ್ರೇಕಲ್ಲಿ ಉಡಾಫೆ ಮಾಡೋರು ಮಾಡ್ಲಿ, ನಾನು ಮಾಡಲ್ಲ."

ಬುಧವಾರ ಮಧ್ಯಾಹ್ನ ಇಂಜಿನ್ ಮೊದಲ ಸಲ ಗುಡುಗಿತು. ತಗಡು ಗಡಗಡ ನಡುಗಿತು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಮಧ್ವೇಶ್ ಚಪ್ಪಾಳೆ ತಟ್ಟಿ, "ಯಾರು ಓಡಿಸ್ತೀರ?" ಎಂದ.

"ಇಂಜಿನ್ ಕಟ್ಟಿದೋರೇ ಓಡಿಸ್ಲಿ ಈ ಸಲ," ಎಂದ ಭೈರೇಶ್. ಕಾಲೆಳೆಯುತ್ತಾ ಬಂದು ಪಕ್ಕದ ಸೀಟಿಗೆ ಏರಿದ. "ಬ್ರೇಕ್ ಹಾಕಿದೋನು ಪಕ್ಕದಲ್ಲಿ ಕೂತಿರ್ತಾನೆ. ಭಯ ಆದ್ರೆ ಈಗ್ಲೇ ಹೇಳ್ಲಿ."

ಬೀದಿಯೇ ನೋಡುತ್ತಿತ್ತು. ಮರಿಯಪ್ಪ ಹತ್ತಿ ಕೂತ. ಮಧ್ವೇಶ್ ಶೆಡ್ಡಿನ ಬಾಗಿಲಲ್ಲೇ ಉಳಿದ.

ಕೆಂಗೇರಿಯ ಆಚೆ, ಸೈಟುಗಳಿಗೆ ಕಲ್ಲು ನೆಟ್ಟು ಹಾಗೇ ಬಿಟ್ಟಿದ್ದ ಬಡಾವಣೆಯ ನೆತ್ತಿಗೆ ಜೀಪು ಹತ್ತಿತು. ಅಲ್ಲಿಂದ ಜಲ್ಲಿಯ ದಾರಿ ಕಡಿದಾಗಿ ಇಳಿದು ಒಂದು ಚರಂಡಿಯ ಗೋಡೆಯೆದುರು ಮುಗಿಯುತ್ತಿತ್ತು. ಮರಿಯಪ್ಪ ಜೀಪು ನಿಲ್ಲಿಸಿದ.

"ಯಾಕೆ? ನಾನು ಬಿಗಿ ಮಾಡಿರೋ ನಟ್ಟುಗಳು. ಇಳಿಸಿ," ಎಂದ ಭೈರೇಶ್.

ಆ ಮಾತು ಚುಚ್ಚಿದ ರಭಸಕ್ಕೆ ಮರಿಯಪ್ಪ ಆಕ್ಸಿಲರೇಟರ್ ತುಳಿದ. ಜೀಪು ಹಗ್ಗ ಹರಿದ ಹೋರಿಯಂತೆ ಚಿಮ್ಮಿತು. ಎದುರಿನ ಗೋಡೆ ಕಣ್ಣ ತುಂಬ ಬೆಳೆಯುತ್ತ ಬಂತು. ಭೈರೇಶ್ ಯಾವುದನ್ನೂ ಹಿಡಿದುಕೊಳ್ಳದೆ ಕೈಕಟ್ಟಿ ಕೂತಿದ್ದ. ಮರಿಯಪ್ಪ ಎರಡೂ ಕಾಲಲ್ಲಿ ಬ್ರೇಕ್ ಒತ್ತಿದ. ನಾಲ್ಕೂ ಗಾಲಿ ಒಟ್ಟಿಗೆ ಕಚ್ಚಿದವು. ಜಲ್ಲಿ ಸಿಡಿಯಿತು. ಗೋಡೆಗೆ ಇನ್ನೂ ಒಂದು ಆಳುದ್ದ ದೂರವಿತ್ತು.

ದೂಳು ಇಳಿಯುವವರೆಗೆ ಮರಿಯಪ್ಪ ಸ್ಟೀರಿಂಗು ಬಿಡಲಿಲ್ಲ. ಆಮೇಲೆ ಗೋಡೆಯನ್ನೇ ನೋಡುತ್ತ ಹೇಳಿದ: "ಆವತ್ತು ಆ ನಟ್ಟು ನಾನು ಬಿಗಿ ಮಾಡಿರ್ಲಿಲ್ಲ."

"ಗೊತ್ತು."

"ಗೊತ್ತಾ?"

"ಆಸ್ಪತ್ರೆಯಿಂದ ಬಂದಾಗ ವ್ಯಾನ್ ಇನ್ನೂ ಶೆಡ್ಡಲ್ಲೇ ಇತ್ತು. ತೆವಳ್ಕೊಂಡು ಕೆಳಗೆ ಹೋಗಿ ನೋಡ್ದೆ. ಕೈಯಲ್ಲೇ ತಿರುಗ್ತು."

"ಮತ್ಯಾಕೋ ಬಾಯಿ ಬಿಡ್ಲಿಲ್ಲ?"

"ನೀವಾಗೇ ಹೇಳ್ತೀರ ಅಂತ ಒಂದು ತಿಂಗಳು ಕಾದೆ. ತಗಡು ಎಬ್ಬಿಸಿದ್ರಿ." ಭೈರೇಶ್ ಮೊದಲ ಸಲ ತಿರುಗಿ ನೋಡಿದ. "ಅಡ್ಡಾದಿಡ್ಡಿ ಓಡಿಸಿ ಕಾಲು ಮುರ್ಕೊಂಡ ಅಂತ ನನ್ನ ಹೆಂಡ್ತಿ ಇವತ್ತಿಗೂ ನಂಬಿದಾಳೆ. ನಾನು ಹೇಳಿದ್ರೆ ಅಣ್ಣನ ಮೇಲೆ ಹೊಟ್ಟೆಕಿಚ್ಚು ಅಂತಾಳೆ. ನನಗೆ ಹೇಳಿ ಏನು ಬಂತು?"

ಒಂದು ಕಾಲದಲ್ಲಿ ಅವನ ಬಾಯಲ್ಲಿ ಮಾತಿಗೊಂದು 'ಭಾವ' ಇರುತ್ತಿತ್ತು. ಈಗಲಾದರೂ ಬಂದೀತೇ ಎಂದು ಮರಿಯಪ್ಪ ಕಾದ. ಬರಲಿಲ್ಲ. ಭೈರೇಶ್ ಇಳಿದ.

"ಹತ್ತೋ, ಮನೆಗೆ ಬಿಡ್ತೀನಿ. ಆ ಕಾಲಲ್ಲಿ ಹೆಂಗ್ ಹೋಗ್ತೀಯ?"

"ಆರು ವರ್ಷದಿಂದ ಹೋಗ್ತಾ ಇರೋ ಹಾಗೇ," ಎಂದವನು ಬಸ್‌ಸ್ಟಾಪಿನ ದಿಕ್ಕಿಗೆ ನಡೆದ.

ಮರಿಯಪ್ಪ ಶೆಡ್ಡಿನ ಕಡೆ ತಿರುಗಲಿಲ್ಲ. ಅನ್ನಪೂರ್ಣೇಶ್ವರಿ ನಗರದಲ್ಲಿ ತಂಗಿಯ ಬೀದಿ ಹುಡುಕಲು ಎರಡು ಸಲ ದಾರಿ ಕೇಳಬೇಕಾಯಿತು. ಲತಾ ಹೊರಗಿನ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಜೀಪಿನ ಸದ್ದಿಗೆ ತಲೆ ಎತ್ತಿದವಳು ಅಣ್ಣನನ್ನು ಕಂಡು ಎದ್ದುನಿಂತಳು.

"ಅವರಿಗೇನಾಯ್ತು?"

"ಏನೂ ಆಗಿಲ್ಲ. ಬಸ್ಸಲ್ಲಿ ಬರ್ತಾನೆ. ಕೂತ್ಕೋ."

ಅವಳು ಕೂತಳು. ಅವನು ನಿಂತೇ ಹೇಳಿದ. ನಟ್ಟಿನ ವಿಷಯ, ಫೋನು ಬಂದ ವಿಷಯ, ಆಸ್ಪತ್ರೆಯ ಹೊರಗೆ ತಾನು ಆಡಿದ ಮಾತು. ಯಾವುದನ್ನೂ ಮೃದು ಮಾಡಿ ಹೇಳಲು ಬರಲಿಲ್ಲ. ಮುಗಿದ ಮೇಲೆ ಲತಾ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಆರು ವರ್ಷ ಅವರಿಗೆ ಏನೇನಂದಿದೀನಿ ಗೊತ್ತಾ ನಿಂಗೆ? ಮಕ್ಕಳೆದುರಿಗೆ?"

"ಲತಾ..."

"ಹೋಗು."

ಅವನು ಹೋಗಲಿಲ್ಲ. ಒಳಗೆ ಬಾ ಎಂದು ಅವಳು ಕರೆಯಲೂ ಇಲ್ಲ. ಮತ್ತೊಂದು ಕಾಯಿ ತೆಗೆದುಕೊಂಡು ಸೀಳಿದಳು. ಕೈ ತಪ್ಪಿದ ಒಂದು ಕಾಳು ಮೆಟ್ಟಿಲಿಂದ ಮೆಟ್ಟಿಲಿಗೆ ಪುಟಿಯುತ್ತ ಅವನ ಚಪ್ಪಲಿಯ ಹತ್ತಿರ ಬಂದು ನಿಂತಿತು. ಇಬ್ಬರೂ ಅದನ್ನು ನೋಡಿದರು. ಯಾರೂ ಬಗ್ಗಲಿಲ್ಲ.