ತಂಗಡಿ ಹೂವಿನ ನೀರು

ಹಳಿಯ ಪಕ್ಕ ನಿಂತು ತಂಗಡಿ ಹೂವು ಬಿಡಿಸುತ್ತಿದ್ದ ಮುದುಕ ಭಗವಂತನಿಗೆ ಯಾವುದು ಹೂವು, ಯಾವುದು ಎಳೆಬಿಸಿಲು ಎಂಬುದೇ ತಿಳಿಯದಾಯಿತು. ಗಿಡಗಳ ಹಳದಿ ಹಳಿಗುಂಟ ವಾಡಿ ಸ್ಟೇಷನ್ನಿನತನಕ ಹರಡಿಕೊಂಡು ಸಿಗ್ನಲ್ ಕಂಬ, ಜಲ್ಲಿಕಲ್ಲಿನ ರಾಶಿ ಎಲ್ಲವನ್ನೂ ಮೆತ್ತಗೆ ಮಾಡಿಬಿಟ್ಟಿತ್ತು. ಆತ ಕಣ್ಣು ಉಜ್ಜಿಕೊಳ್ಳಲಿಲ್ಲ. ಚಂದ ಕಂಡದ್ದನ್ನು ಯಾರಾದರೂ ಉಜ್ಜಿ ಅಳಿಸುತ್ತಾರೆಯೇ? ಗ್ಯಾಂಗ್‌ಮನ್ ಆಗಿ ಇದೇ ಹಳಿಯ ಮೇಲೆ ಸಡಿಲಾದ ಬೋಲ್ಟು ಹುಡುಕುತ್ತಲೇ ಆಯುಷ್ಯ ಕಳೆದವನಿಗೆ, ರಿಟೈರ್ ಆದಮೇಲೆ ಲೋಕ ಹೀಗೆ ಕರಗಿ ಕಾಣುವುದು ದೊಡ್ಡ ಸುಖವಾಗಿತ್ತು. ಬಾಯಾರಿಕೆಯೊಂದು ಮಾತ್ರ ಬಿಡದೆ ಬೆನ್ನು ಹತ್ತಿತ್ತು.

ಈ ಸುಖ ಶುರುವಾದದ್ದು ಮಗಳ ಕಾಲೇಜಿಗೆ ಹೋಗಿಬಂದ ಮೇಲೆ. ಲುಂಬಿನಿ ಕಲಬುರಗಿಯಲ್ಲಿ ಔಷಧಗಳ ವಿದ್ಯೆ ಓದುತ್ತಿದ್ದಳು. ಅಂದು ಅಪ್ಪನನ್ನು ಪ್ರಯೋಗಶಾಲೆಗೆ ಕರೆದೊಯ್ದು, ತಂಗಡಿ ಹೂವಿನ ಸಾರವಿದ್ದ ಗಾಜಿನ ನಳಿಗೆಯೊಳಗೆ ಬೆಳ್ಳಗಿನ ಲೋಹದ ಚೂರೊಂದನ್ನು ಹಾಕಿ, ಮೇಲೆ ಆಸಿಡ್ ಹನಿಸಿದ್ದಳು. ನೊರೆ ಉಕ್ಕಿತು. ನೊರೆ ಇಳಿದಾಗ ಹಳದಿ ಇದ್ದದ್ದು ಗುಲಾಬಿಯಾಗಿತ್ತು. "ಇದಕ್ಕ ಫ್ಲೇವನಾಯ್ಡ್ ಅಂತಾರಪ್ಪ. ಸಕ್ರಿ ಬ್ಯಾನಿಗೆ ಇದು ಏನು ಮಾಡ್ತದ ಅಂತ ನೋಡೋದೇ ನನ್ನ ಕೆಲಸ," ಎಂದಿದ್ದಳು. ಭಗವಂತ ಆ ಬಣ್ಣವನ್ನೇ ನೋಡುತ್ತ ನಿಂತ. ಸಣ್ಣವನಿದ್ದಾಗ ದನ ಕಾಯುತ್ತ ಮೈಗೆ ಒರೆಸಿಕೊಂಡು ನಡೆದ ಗಿಡದೊಳಗೆ ಇಂಥದೊಂದು ಬಣ್ಣ ಅಡಗಿತ್ತು. ಅದನ್ನು ಹೊರಗೆ ಕರೆದವಳು ತನ್ನ ಮಗಳು. ಆತನ ಕಣ್ಣು ತುಂಬಿ ಬಂತು.

ಮರುದಿನದಿಂದ ತನ್ನ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟ. ಬಿಸಿನೀರಿನಲ್ಲಿ ಹೂವು ನೆನೆಸಿ ಕುಡಿಯತೊಡಗಿದ. ಒಬ್ಬನೇ ಕುಡಿದಿದ್ದರೆ ಅದು ಅವನ ಹಣೆಬರಹ ಎನ್ನಬಹುದಿತ್ತು. ಹುಣ್ಣಿಮೆಗೊಮ್ಮೆ ಬುದ್ಧವಿಹಾರದಲ್ಲಿ ವಂದನೆ ಮುಗಿದಮೇಲೆ ಖೀರು ಹಂಚುವ ರೂಢಿ. ಸಕ್ಕರೆ ಕಾಯಿಲೆಯ ಹಿರಿಯರು ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಹುಡುಕಲು ಎದ್ದುಬಿಡುತ್ತಿದ್ದರು. ಹೋದ ಹುಣ್ಣಿಮೆಗೆ ಭಗವಂತ ಖೀರಿನ ಬೋಗುಣಿಯ ಪಕ್ಕ ಹೂವಿನ ನೀರಿನ ಕೊಡ ಇಟ್ಟ. "ಮೊದಲು ಇದು ಕುಡೀರಿ, ಆಮ್ಯಾಲ ಖೀರು ತಿನ್ರಿ. ಏನೂ ಆಗಂಗಿಲ್ಲ. ನಮ್ಮ ಲುಂಬಿನಿ ಕಂಡುಹಿಡಿದಾಳ," ಎಂದ. ಬಾಜೂ ಮನೆಯ ಶಿವಕಾಂತಮ್ಮ ಎಷ್ಟೋ ವರ್ಷದ ಮೇಲೆ ಖೀರು ಬಾಯಿಗಿಟ್ಟು ಸವಿಗೆ ಕಣ್ಣು ಮುಚ್ಚಿಕೊಂಡಿದ್ದಳು. ಆಕೆಯೂ ಗುಳಿಗೆ ಬಿಟ್ಟಳು.

ಇಂದು ಮತ್ತೆ ಹುಣ್ಣಿಮೆ. ಹೂವಿನ ಚೀಲ ಹಿಡಿದು ಭಗವಂತ ಮನೆಗೆ ಬಂದಾಗ ಲುಂಬಿನಿ ಬೆಳಗಿನ ರೈಲಿಗೆ ಬಂದು ಕುಳಿತಿದ್ದಳು. ಮಗಳಿಗೂ ಒಂದು ಲೋಟ ಹೂವಿನ ನೀರು ಕೊಡಬೇಕೆಂದು ಆತ ತಂಬಿಗೆ ಬಗ್ಗಿಸಿದ. ನೀರು ಲೋಟದ ಪಕ್ಕದಲ್ಲಿ, ನೆಲಕ್ಕೆ ಬಿತ್ತು. ಆತನಿಗೆ ಗೊತ್ತೇ ಆಗಲಿಲ್ಲ, ನಗುನಗುತ್ತ ಸುರಿಯುತ್ತಲೇ ಇದ್ದ.

"ಅಪ್ಪಾ, ಲೋಟ ಕಾಣವಲ್ದೇನು ನಿನಗ?"

ಒಳಗಿನಿಂದ ಹೆಂಡತಿ ರಮಾಬಾಯಿ, "ಕೇಳವ್ವ, ನೀನೇ ಕೇಳು. ಅಂಗಿ ಜೋತು ಬಿದ್ದಾವ, ಹಗಲೆಲ್ಲ ಜೋಂಪು. ಗುಳಿಗಿ ತಗೋರಿ ಅಂದ್ರ ನನಗ ವಿಜ್ಞಾನ ಹೇಳ್ತಾರ," ಎಂದಳು.

ಲುಂಬಿನಿ ಬ್ಯಾಗಿನಿಂದ ಸಕ್ಕರೆ ಅಳೆಯುವ ಯಂತ್ರ ತೆಗೆದು ಅಪ್ಪನ ಬೆರಳು ಚುಚ್ಚಿದಳು. ಅಂಕಿ ನೋಡಿದವಳೇ ಅಲ್ಲೇ ಒದ್ದೆ ನೆಲದ ಮೇಲೆ ಕುಳಿತುಬಿಟ್ಟಳು.

"ಗುಳಿಗಿ ಯಾಕ ಬಿಟ್ಟಿ?"

"ನಿನ್ನ ಮಾತಿನ ಮ್ಯಾಲೆ."

"ನಾ ಆ ನೀರು ಮನಷ್ಯಾರಿಗಿ ಕೊಟ್ಟಿಲ್ಲಪ್ಪ, ಇಲಿಗೆ ಕೊಟ್ಟಿನಿ. ಹೂವಿನ ಸಾರ ಕುಡ್ದ ಇಲಿಗೆ ಸಕ್ರಿ ಒಂಚೂರು ಇಳೀತು, ಖರೆ. ಬಾಜೂ ಪಂಜರದಾಗಿನವಕ್ಕ ನೀ ತಿಂತಿದ್ದಿಯಲ್ಲ, ಅದೇ ಗುಳಿಗಿ ಕೊಟ್ಟಿದ್ವಿ, ಹೋಲಿಸಿ ನೋಡ್ಲಿಕ್ಕೆ. ಅವೇ ಎಲ್ಲಾಕಿಂತ ಚಲೋ ಇದ್ವು."

ಭಗವಂತ ಚುಚ್ಚಿದ ಬೆರಳನ್ನು ಅಂಗಿಗೆ ಒರೆಸಿಕೊಂಡ. "ಅವತ್ತೇ ಯಾಕ ಹೇಳಲಿಲ್ಲ?"

"ಆ ಬಣ್ಣ ನೋಡಿ ನೀ ಅಳ್ಳಾಕತ್ತಿದ್ದಿ. ಹ್ಯಾಂಗ ಹೇಳ್ಲಿ?"

ಅವಳು ಗುಳಿಗೆ ಬಿಡಿಸಿ ಅಂಗೈಗೆ ಹಾಕಿದಳು. ಆತ ನುಂಗಿದ. ನಾಳೆ ಬೆಳಿಗ್ಗೆ ದವಾಖಾನೆಗೆ ಹೋಗುವುದೆಂದು ನಿಕ್ಕಿಯಾಯಿತು. ಆದರೆ ಭಗವಂತನ ಎದೆಯಲ್ಲಿ ನಿಂತದ್ದು ಕಾಯಿಲೆಯ ಭಯವಲ್ಲ. ಸಂಜೆ ವಿಹಾರದಲ್ಲಿ ಎಲ್ಲರೂ ಹೂವಿನ ನೀರಿಗೆ ಕಾಯುತ್ತಾರೆ. ಖರೆ ಹೇಳಿದರೆ ಮಗಳ ಹೆಸರು ಮಣ್ಣುಗೂಡುತ್ತದೆ. ಹೇಳದಿದ್ದರೆ ಶಿವಕಾಂತಮ್ಮನ ಕಣ್ಣೂ ತನ್ನ ಕಣ್ಣಿನಂತೆ ಕರಗುತ್ತದೆ.

"ನಾ ಹೇಳ್ತೀನಿ ಅವರಿಗಿ," ಎಂದಳು ಲುಂಬಿನಿ.

"ಬ್ಯಾಡ," ಎಂದ ಭಗವಂತ.

ಸಂಜೆ ವಿಹಾರದ ಕಲ್ಲುಹಾಸಿನ ಮೇಲೆ ಎಲ್ಲರೂ ಕೈಮುಗಿದು ಕುಳಿತರು. ಮೇಣದ ಬತ್ತಿಗಳು ಆತನಿಗೆ ಒಂದೊಂದೂ ಹತ್ತಾಗಿ ತೇಲುತ್ತಿದ್ದವು. ಪಂಚಶೀಲ ಹೇಳುವಾಗ ಆತನ ದನಿ ಎಲ್ಲರ ದನಿಯೊಂದಿಗೆ ಸಲೀಸಾಗಿ ಸಾಗಿತು. ಕೊಲ್ಲುವುದಿಲ್ಲ ಎಂಬುದನ್ನು ಹೇಳಿದ, ಕದಿಯುವುದಿಲ್ಲ ಎಂಬುದನ್ನು ಹೇಳಿದ, ಮೂರನೆಯದನ್ನೂ ದಾಟಿದ. ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲ ಬಂದಾಗ ನಾಲಿಗೆ ಏಳಲಿಲ್ಲ. ಉಳಿದವರ ದನಿ ಆತನನ್ನು ಬಿಟ್ಟು ಮುಂದೆ ಹೋಯಿತು.

ವಂದನೆ ಮುಗಿಯಿತು. ಖೀರಿನ ಬಟ್ಟಲುಗಳು ಕೈಯಿಂದ ಕೈಗೆ ದಾಟಿದವು. ಶಿವಕಾಂತಮ್ಮ ಕುತ್ತಿಗೆ ಚಾಚಿ, "ತಮ್ಮಾ, ನೀರಿನ ಕೊಡ ಎಲ್ಲ್ಯದ?" ಎಂದಳು.

ಭಗವಂತ ಗೋಡೆ ಹಿಡಿದು ಎದ್ದು ನಿಂತ. "ಕೊಡ ತಂದಿಲ್ಲಕ್ಕ. ಆ ನೀರು ಇನ್ನೂ ಔಷಧ ಆಗಿಲ್ಲ. ನನ್ನ ಮಗಳು ಹಂಗ ಹೇಳೇ ಇಲ್ಲ. ಆಕಿ ಹೆಸರಿನ ಮ್ಯಾಲೆ ನಾನೇ ಸುಳ್ಳು ಹೇಳೀನಿ. ಗುಳಿಗಿ ಬಿಟ್ಟು ನನ್ನ ಕಣ್ಣು ಮಂಜಾಗ್ಯಾವ. ನಿಮ್ಮ ಮಾರಿನೂ ಕಾಣವಲ್ದು. ಗುಳಿಗಿ ಬಿಟ್ಟವರು ಇವತ್ತೇ ತಗೋರಿ."

ಹೊರಗೆ ಗೂಡ್ಸ್ ಗಾಡಿಯೊಂದು ಸಾಗಿ ಹೋಯಿತು.

"ಹಂಗಾರ ಖೀರು ತಿನ್ನಂಗಿಲ್ಲ," ಎಂದಳು ಶಿವಕಾಂತಮ್ಮ, ತನಗೇ ಹೇಳಿಕೊಂಡಂತೆ. ಆಕೆಯ ಸೀರೆ ಸರಪರ ಸದ್ದು ಮಾಡುತ್ತ ಭಗವಂತನನ್ನು ದಾಟಿ, ಲುಂಬಿನಿ ಕುಳಿತ ಕಡೆ ಹೋಯಿತು. ಈಗ ಬೈಗುಳ ಎಂದು ಆತ ಉಸಿರು ಹಿಡಿದ.

"ನನ್ನ ಪಾಲಿಂದು ನೀ ತಿನ್ನವ್ವ," ಎಂದಿತು ಮುದಿದನಿ. "ಖರೇನೇ ಔಷಧ ಆಗ್ತದಲ್ಲ, ಅವತ್ತು ಮೊದಲು ನನಗ ತಂದು ಕೊಡು. ನಾ ಕಾಯ್ತೀನಿ."

ಬಟ್ಟಲು ಕಲ್ಲಿಗೆ ತಾಗಿದ ಸದ್ದು ಕೇಳಿತು. ಇನ್ಯಾರೋ ಎದ್ದರು. ಮತ್ತೊಂದು ಬಟ್ಟಲು, ಇನ್ನೊಂದು. ಭಗವಂತನ ಮಬ್ಬುಗಣ್ಣಿಗೆ ಮಗಳ ಮುಂದೆ ಬರೇ ಬೆಳ್ಳಗೆ ಏನೋ ಸೇರುತ್ತ ಹೋದಂತೆ ಕಂಡಿತು. ಎಷ್ಟು ಬಟ್ಟಲು ಎಂದು ಎಣಿಸಲು ನೋಡಿದ, ಎಣಿಕೆಗೆ ಸಿಗಲಿಲ್ಲ. ಲುಂಬಿನಿ ಮೂಗೆಳೆದುಕೊಂಡು ಮೊದಲನೆಯದನ್ನು ಕೈಗೆತ್ತಿಕೊಂಡಳು.